ಬೆಳಗಿನ ಆರು ಗಂಟೆಯ ಆಮೆ

ಬರೆಯುವುದೊಂದನ್ನು ಬಿಟ್ಟು ಬರವಣಿಗೆಗೆ ಬೇಕಾದ ಉಳಿದೆಲ್ಲವನ್ನೂ ನಾನು ಅಚ್ಚುಕಟ್ಟಾಗಿ ಮಾಡಬಲ್ಲೆ. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ನಮ್ಮ ಗುಂಪಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಬೆಳಿಗ್ಗೆ ಆರಕ್ಕೆ ಸ್ವಲ್ಪ ಮುಂಚೆ ಎಲ್ಲರ ಫೋನೂ ಒಟ್ಟಿಗೆ ಕೂಗಿಕೊಳ್ಳುವಂತೆ ಮಾಡಿದವಳು ನಾನು. ವಿಡಿಯೊ ಕರೆಗೆ ಬಂದವರ ದನಿ ತಾನಾಗಿಯೇ ಬಂದ್ ಆಗುವಂತೆ, ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುವಂತೆ, ಆ ದಿನದ ಕೆಲಸ ಮುಗಿಸಿದವರ ಹೆಸರಿನ ಮುಂದಿನ ಖಾನೆ ಹಸಿರಾಗುವಂತೆ ಮಾಡಿದ್ದೂ ನಾನೇ. ನನ್ನ ಖಾನೆ ಮಾತ್ರ ಯಾವಾಗಲೂ ಹಳದಿ. ಬರೆಯಲು ಕೂತರೆ ಕಾಲು ಅಲ್ಲಾಡುತ್ತದೆ, ನೀರು ಕುಡಿಯಬೇಕೆನಿಸುತ್ತದೆ, ಖಾನೆಗಳ ಬಣ್ಣ ಇನ್ನೂ ಸ್ವಲ್ಪ ತಿಳಿಯಾಗಿದ್ದರೆ ಚೆನ್ನ ಎನಿಸುತ್ತದೆ. ಶಾಲೆಯಲ್ಲಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಹುಡುಗಿ ಇರುತ್ತಾಳಲ್ಲ, ಅವಳ ಹಾಗೆ ನಾನೆಂದು ನನಗೆ ಇಲ್ಲಿ 'ಮಾನಿಟರ್' ಎಂದೇ ಹೆಸರು.

ಗುಂಪಿನಲ್ಲಿ ನಾವು ನಾಲ್ವರು. ಎಲ್ಲರೂ ಪಿಎಚ್‌ಡಿಗೆ ಸೇರಿ ಮುಗಿಸಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತಿರುವವರು. ದೊಡ್ಡಕ್ಕನಿಗೆ ಕಾಲೇಜಿನಲ್ಲಿ ಪಾಠ, ಮನೆಯಲ್ಲಿ ಇಬ್ಬರು ಮಕ್ಕಳು. ಮಕ್ಕಳು ಏಳುವುದರೊಳಗೆ ಎಷ್ಟು ಬರೆದಳೋ ಅಷ್ಟೇ ಅವಳ ಸಂಶೋಧನೆ. ಲಾಯರ್ ವಕೀಲಿ ಬಿಟ್ಟು ತತ್ವಶಾಸ್ತ್ರಕ್ಕೆ ಬಂದವನು, ವಾದ ಮಾಡುವುದನ್ನು ಮಾತ್ರ ಬಿಟ್ಟಿಲ್ಲ. ಇರುವೆ ಎಂಬ ಹುಡುಗಿ ಇರುವೆಗಳ ಮೇಲೆಯೇ ಸಂಶೋಧನೆ ಮಾಡುತ್ತಾಳೆ, ಜೊತೆಗೆ ಆಳೂ ಅಷ್ಟೇ ಇದ್ದಾಳೆ. ನನ್ನ ವಿಷಯ ಬೀದಿ ನಲ್ಲಿಗಳ ಇತಿಹಾಸ. ಮನೆಯಲ್ಲಿ ನಲ್ಲಿ ಸೋರಿದರೆ ಅಮ್ಮ "ಡಾಕ್ಟ್ರೇ, ಪೇಷೆಂಟ್ ಬಂದಿದೆ" ಎಂದು ಅಡುಗೆಮನೆಯಿಂದ ಕೂಗುತ್ತಾಳೆ.

ನಾವು ನಾಲ್ವರೂ ಕರಡು ಬರೆಯುವುದು ಒಂದೇ ಫೈಲಿನಲ್ಲಿ, ಮುಗಿದದ್ದು ಅವರವರ ಬೇರೆ ಫೈಲಿಗೆ ಹೋಗುತ್ತದೆ. ಇದು ನನ್ನದೇ ಐಡಿಯಾ. ಮೇಲೆ ಹೆಸರುಗಳ ಪಟ್ಟಿ, ಅದರ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಜಾಗ. ನಾನು ನನ್ನ ಜಾಗದಲ್ಲಿ ತಲೆ ಕೆರೆದುಕೊಳ್ಳುತ್ತಿರುವಾಗ ಕೆಳಗೆ ದೊಡ್ಡಕ್ಕನ ಕರ್ಸರ್ ಓಡುವುದು ಕಾಣುತ್ತದೆ. ಪಕ್ಕದ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳಿದರೆ ನಮಗೂ ಹಾಸಿಗೆ ಬಿಟ್ಟು ಏಳಬೇಕು ಅನಿಸುವುದಿಲ್ಲವೇ, ಹಾಗೆ. ಎಲ್ಲಕ್ಕಿಂತ ಕೆಳಗೆ 'ಗೋಳು ಮೂಲೆ'. ಬರೆಯಲಾಗದ ದಿನ ಅಲ್ಲಿಗೆ ಹೋಗಿ ಗೈಡನ್ನು, ಗಂಡನನ್ನು, ಲೈಬ್ರರಿಯನ್ನು, ತನ್ನನ್ನು ತಾನೇ ಮನಸಾರೆ ಬೈದು ಬರಬಹುದು. ನಿಜ ಹೇಳಬೇಕೆಂದರೆ ಅತಿ ಹೆಚ್ಚು ಪುಟ ತುಂಬಿದ್ದು ಆ ಮೂಲೆಯೇ.

ನನ್ನ ಬೈಗುಳವೆಲ್ಲ ಗುಮ್ಮನಿಗೆ ಮೀಸಲು. ಗುಮ್ಮ ಎಂದರೆ ನನ್ನ ಗೈಡು. ಚಿಕ್ಕ ವಯಸ್ಸಿನಲ್ಲಿ ಒಂದು ಪುಸ್ತಕ ಬರೆದು ದೊಡ್ಡ ಹೆಸರು ಮಾಡಿದವರು. ಎರಡನೆಯದು ಬರುತ್ತಿದೆ ಎಂದು ನಾನು ಸೇರುವ ಮೊದಲಿನಿಂದಲೂ ಸುದ್ದಿ. ಅವರ ಎದುರು ನಿಂತರೆ ನನಗೆ ನನ್ನ ಹೆಸರೇ ಮರೆಯುತ್ತದೆ. ಮೂರನೇ ಅಧ್ಯಾಯವನ್ನು ಅವರಿಗೆ ಕಳಿಸಿ ಎರಡು ತಿಂಗಳಾಗಿತ್ತು. ಕಾರಿಡಾರಿನಲ್ಲಿ ಸಿಕ್ಕಾಗ ಕೇಳಿದರೆ "ನೋಡ್ತೀನಮ್ಮ" ಎನ್ನುತ್ತಿದ್ದರು, ಅದೂ ನನ್ನ ಮುಖ ನೋಡದೆ. ಇತ್ತ ನನ್ನ ನೋಂದಣಿಯ ಅವಧಿ ಮುಗಿದಿತ್ತು. ಶುಕ್ರವಾರ ಸಮಿತಿ ಕೂರುವುದಿತ್ತು. ಕೆಲಸ ಮುಂದೆ ಸಾಗಿದೆ ಎಂದು ಗೈಡು ಹೇಳಿದರೆ ಕೊನೆಯದಾಗಿ ಒಂದು ವರ್ಷ ಕೊಡುತ್ತಾರೆ, ಇಲ್ಲದಿದ್ದರೆ ಹೆಸರು ಹೊಡೆದು ಹಾಕುತ್ತಾರೆ. ಓದದ ಅಧ್ಯಾಯದ ಬಗ್ಗೆ ಗುಮ್ಮ ಏನು ತಾನೇ ಹೇಳಿಯಾರು? ಐದು ವರ್ಷ ಬೀದಿ ಬೀದಿ ಅಲೆದು ನಲ್ಲಿ ಎಣಿಸಿದ್ದೆಲ್ಲ ನೀರುಪಾಲಾಗುತ್ತದೆಂದು ಆ ವಾರವಿಡೀ ನನಗೆ ಅನ್ನ ಸೇರುತ್ತಿರಲಿಲ್ಲ.

ಆಮೆಯ ವಿಷಯ ಈಗ ಹೇಳಬೇಕು. ದೊಡ್ಡಕ್ಕ ದಿನಕ್ಕೊಂದು ಪಾಸ್‌ವರ್ಡ್ ಮರೆಯುತ್ತಾಳೆಂದು, ಲಿಂಕ್ ಇದ್ದ ಯಾರು ಬೇಕಾದರೂ ಫೈಲಿನೊಳಗೆ ಬರುವ ಹಾಗೆ ಇಟ್ಟಿದ್ದೆ. ಹಾಗೆ ಹೆಸರಿಲ್ಲದೆ ಬಂದವರಿಗೆ ಫೈಲೇ ಒಂದು ಪ್ರಾಣಿಯ ಹೆಸರು ಕೊಟ್ಟು ಮೂಲೆಯಲ್ಲಿ ಪುಟ್ಟ ಚಿತ್ರ ತೋರಿಸುತ್ತದೆ. ಒಂದು ಬೆಳಿಗ್ಗೆ ಅಲ್ಲಿ 'ಅನಾಮಧೇಯ ಆಮೆ' ಕಾಣಿಸಿತು. ಮರುದಿನ ಅದೇ ನರಿಯಾಯಿತು, ಇನ್ನೊಂದು ದಿನ ಒಂಟೆ. ನಮಗೆ ಮಾತ್ರ ಅದು ಆಮೆಯೇ. ದೊಡ್ಡಕ್ಕನ ಗಂಡನ ಲ್ಯಾಪ್‌ಟಾಪ್ ಇರಬೇಕೆಂದು ನಾನಂದುಕೊಂಡೆ, ನನ್ನ ಹಳೆಯ ಫೋನಿರಬೇಕೆಂದು ದೊಡ್ಡಕ್ಕ ಅಂದುಕೊಂಡಳು. ಆರಕ್ಕೆ ಬರುತ್ತಿತ್ತು, ಎಂಟಕ್ಕೆ ಹೋಗುತ್ತಿತ್ತು. ಯಾರಿಗೂ ತೊಂದರೆ ಇರಲಿಲ್ಲ.

ಬುಧವಾರ ಬೆಳಿಗ್ಗೆ ಇರುವೆ ಇದ್ದಕ್ಕಿದ್ದಂತೆ ದನಿ ತೆರೆದಳು.

"ಮಾನಿಟರ್, ಆಮೆ ಏನೋ ಬರೀತಾ ಇದೆ ಕಣೇ. ಗೋಳು ಮೂಲೆಗಿಂತ ಕೆಳಗೆ. ಬರೆಯುತ್ತೆ, ಅಳಿಸುತ್ತೆ, ಬರೆಯುತ್ತೆ, ಅಳಿಸುತ್ತೆ."

"ಅಳಿಸ್ತಾ ಇದ್ರೆ ಅದು ನಮ್ಮ ಜಾತಿಯದೇ ಬಿಡು" ಎಂದ ಲಾಯರ್.

"ಶ್, ನನ್ನ ಚಿಕ್ಕದು ಎದ್ದುಬಿಡುತ್ತೆ" ಎಂದಳು ದೊಡ್ಡಕ್ಕ.

ಆಮೇಲೆ ನೋಡಿದರಾಯಿತೆಂದು ಬಿಟ್ಟೆ. ಗುಮ್ಮನಿಗೆ ಕೊನೆಯದಾಗಿ ಒಮ್ಮೆ ನೆನಪಿಸುವುದು ಆಗ ನನಗೆ ಅದಕ್ಕಿಂತ ದೊಡ್ಡ ಕೆಲಸವಾಗಿತ್ತು. ಎರಡು ತಿಂಗಳ ಹಿಂದಿನ ಮೇಲ್ ತೆಗೆದೆ. 'ಮೂರನೇ ಅಧ್ಯಾಯ ಈ ಲಿಂಕಿನಲ್ಲಿದೆ ಸರ್, ದಯವಿಟ್ಟು ನೋಡಿ.' ಲಿಂಕ್ ಸರಿಯಾಗಿದೆಯೇ ಎಂದು ಒತ್ತಿದೆ. ಅದು ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಯಿತೆಂದರೆ, ನಾನು ಆಗಲೇ ಕೂತಿದ್ದ ಇದೇ ಫೈಲಿಗೆ. ಮೇಲೆ ಹೆಸರುಗಳ ಪಟ್ಟಿ, ಹಸಿರು ಹಳದಿ ಖಾನೆ, ಮೂಲೆಯಲ್ಲಿ ಆಮೆ.

ಅಧ್ಯಾಯದ ಬದಲು ಗುಂಪಿನ ಲಿಂಕ್ ಕಳಿಸಿದ್ದೆ. ಎರಡು ತಿಂಗಳಿಂದ ಗುಮ್ಮನ ಕೈಯಲ್ಲಿ ನಮ್ಮ ಮನೆಯ ಕೀಲಿಕೈ ಇತ್ತು. ಗೋಳು ಮೂಲೆಗೆ ಹೋಗಿ ನಾನು ಬರೆದದ್ದನ್ನೆಲ್ಲ ಮೊದಲಿನಿಂದ ಓದುತ್ತ ಬಂದೆ. ಒಂದೊಂದು ಸಾಲಿಗೂ ಕಿವಿ ಬಿಸಿಯಾಯಿತು. 'ಒಂದೇ ಒಂದು ಪುಸ್ತಕ ಬರೆದು ಜೀವಮಾನವಿಡೀ ಅದರ ಬಡ್ಡಿ ತಿನ್ನುತ್ತಿರುವ ಮನುಷ್ಯ' ಎಂದು ಬರೆದು ಅದರ ಮುಂದೆ ನಗುವ ಮುಖ ಬೇರೆ ಹಾಕಿದ್ದೆ. ಲಾಯರ್ ಅದಕ್ಕೆ ಚಪ್ಪಾಳೆ ಹಾಕಿದ್ದ.

ವಿಷಯ ಹೇಳಿದೆ. ಮೂಲೆಯ ಆಮೆ ಇನ್ನೂ ಅಲ್ಲೇ ಇತ್ತು.

"ಮೊದಲು ಬಾಗಿಲು ಹಾಕು!" ಎಂದಳು ಇರುವೆ. "ನನ್ನ ಗೈಡೂ ಅವರೂ ಒಟ್ಟಿಗೆ ವಾಕಿಂಗ್ ಹೋಗ್ತಾರೆ. ನಾನು ನನ್ನ ಗೈಡ್ ಹೇರ್ ಡೈ ಬಗ್ಗೆ ಬರೆದಿದ್ದೀನಿ."

"ಮಾನನಷ್ಟ ಮೊಕದ್ದಮೆ ಹಾಕಲ್ಲ, ಹೆದರಬೇಡ" ಎಂದ ಲಾಯರ್. "ಹಾಕಿದ್ರೆ ಬರೆದಿರೋದು ಒಂದೇ ಪುಸ್ತಕ ಅಂತ ಕೋರ್ಟಲ್ಲಿ ಅವರೇ ಒಪ್ಕೋಬೇಕಾಗುತ್ತೆ."

ದೊಡ್ಡಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಹೋದ ತಿಂಗಳು ತಾನು ಗಂಡನ ಬಗ್ಗೆ ಬರೆದುಕೊಂಡು ಅತ್ತದ್ದನ್ನು ಪರಪುರುಷನೊಬ್ಬ ಓದಿದ್ದಾನೆಂಬುದು ಅವಳಿಗೆ ತಟ್ಟಿತ್ತು. ಅವಳ ಮುಖ ನೋಡಿ ನನಗೆ ಸಂಕಟವಾಯಿತು. ನಾಲ್ವರಿಗೆ ಮಾತ್ರ ತೆರೆಯುವಂತೆ ಫೈಲನ್ನು ಬದಲಿಸಿದೆ. ಆಮೆ ಮಾಯವಾಯಿತು.

ಆಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಈ ಫೈಲುಗಳಲ್ಲಿ ಅಳಿಸಿದ್ದೂ ಪೂರ್ತಿ ಅಳಿಯುವುದಿಲ್ಲ, ಹಿಂದಿನ ಬದಲಾವಣೆಗಳನ್ನು ದಿನಾಂಕದ ಸಮೇತ ನೋಡಬಹುದು. ಆಮೆ ಬರೆದು ಅಳಿಸಿದ್ದು ಒಂದೊಂದಾಗಿ ಹೊರಬಂತು. 'ಎರಡನೆಯ ಪುಸ್ತಕ, ಮೊದಲ ಅಧ್ಯಾಯ.' ಅಳಿಸಿದೆ. 'ಈ ಮಕ್ಕಳು ಬರೆಯುತ್ತಿದ್ದಾರೆ, ನಾನು ನೋಡುತ್ತಿದ್ದೇನೆ.' ಅಳಿಸಿದೆ. 'ಇವತ್ತು ನಾಲ್ಕು ಸಾಲು. ಇವನ್ನು ಅಳಿಸಬಾರದು.' ಅದನ್ನೂ ಅಳಿಸಿದೆ. ನನಗೆ ಅಯ್ಯೋ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಮುಂದೆ ನೋಡುತ್ತ ಹೋದ ಹಾಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 'ಅಧ್ಯಾಯ ಕಳಿಸಿ ತಿಂಗಳಾಯಿತು, ಗುಮ್ಮ ತೆರೆದೂ ನೋಡಿಲ್ಲ' ಎಂದು ನಾನು ಗೋಳಾಡಿದ ಬೆಳಿಗ್ಗೆ ಅವರು ಅಲ್ಲೇ, ಎರಡು ಸಾಲು ಕೆಳಗೆ ಇದ್ದರು. ಅಂದರೆ ಅಧ್ಯಾಯ ತಮಗೆ ತಲುಪಿಲ್ಲವೆಂದು ಅವರಿಗೆ ಗೊತ್ತಿತ್ತು. ನಾನು ತಲುಪಿದೆ ಎಂದುಕೊಂಡು ಬೇಯುತ್ತಿದ್ದೇನೆಂಬುದೂ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೈಯೆಲ್ಲ ಉರಿದುಹೋಯಿತು.

ಸರಿಯಾದ ಲಿಂಕನ್ನು ಕಳಿಸಿದೆ. ಒಂದೇ ಸಾಲು ಬರೆದೆ, 'ಅಧ್ಯಾಯ ಇಲ್ಲಿದೆ ಸರ್' ಎಂದು. ಉತ್ತರ ಬರಲಿಲ್ಲ. ಗುರುವಾರವೆಲ್ಲ ಮನೆಯಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗಾಡಿದೆ. ಫೋನ್ ನೋಡುವುದು, ಇಡುವುದು, ಮತ್ತೆ ನೋಡುವುದು. ಬೈದದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಾರೆ ಎನ್ನುವುದೊಂದು ಭಯ. ಸೇಡು ಬೇಕಿಲ್ಲ, ಸುಮ್ಮನೆ 'ಅಧ್ಯಾಯ ನನಗೆ ಬಂದೇ ಇಲ್ಲ' ಎಂದು ನಿಜ ಹೇಳಿದರೂ ನಾನು ಮುಳುಗಿದೆ ಎನ್ನುವುದು ಇನ್ನೊಂದು.

"ನೆಲ ಸವೆದುಹೋಗುತ್ತೆ ಕಣೇ, ಒಂದು ಕಡೆ ಕೂತ್ಕೋ" ಎಂದಳು ಅಮ್ಮ.

"ಕೂರಕ್ಕಾಗ್ತಿಲ್ಲಮ್ಮ."

"ನೀನು ಬೈದಿದ್ದು ನಿಜ ತಾನೆ?"

"ಹೂಂ."

"ಅವರು ಬಾಯಿ ಮುಚ್ಕೊಂಡು ಕೂತಿದ್ದೂ ನಿಜ ತಾನೆ?"

"ಹೂಂ."

"ಹಾಗಾದ್ರೆ ಇಬ್ರದ್ದೂ ಸಮ ಆಯ್ತು. ಬಾ, ಊಟ ಮಾಡು."

ಶುಕ್ರವಾರ ಸಮಿತಿಯ ಕೋಣೆಯಲ್ಲಿ ಮೂವರಿದ್ದರು. ನಡುವೆ ಅಧ್ಯಕ್ಷೆ, ಬೇರೆ ವಿಭಾಗದ ಪ್ರೊಫೆಸರು, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಅವರ ಎಡಕ್ಕೆ, ಎಲ್ಲಿ ಹೇಳಿದರೆ ಅಲ್ಲಿ ಸಹಿ ಹಾಕುವ ಒಬ್ಬ ಹಿರಿಯರು. ಬಲಕ್ಕೆ ಗುಮ್ಮ. ಅವರು ನನ್ನನ್ನು ನೋಡಲಿಲ್ಲ, ನಾನೂ ನೋಡಲಿಲ್ಲ. ಗೋಡೆಯ ಫ್ಯಾನು ಕಾಗದಗಳನ್ನು ಹಾರಿಸುವುದೂ ಸಹಿಯವರು ಅವನ್ನು ಅಂಗೈಯಿಂದ ಒತ್ತುವುದೂ ನಡೆದಿತ್ತು.

"ಮೂರನೇ ಅಧ್ಯಾಯದ ಮೇಲೆ ಗೈಡ್ ವರದಿ ಎಲ್ಲಿ?" ಎಂದರು ಅಧ್ಯಕ್ಷೆ.

"ಹುಡುಗಿ ಕೊಡೋದು ತಡ ಮಾಡಿರಬೇಕು" ಎಂದರು ಸಹಿಯವರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗುಮ್ಮ ಮೇಜಿನ ಮೇಲಿದ್ದ ಕೈಯನ್ನು ಸ್ವಲ್ಪ ಎತ್ತಿದರು.

"ತಡ ಅವಳದಲ್ಲ. ಅವಳು ಎರಡು ತಿಂಗಳ ಹಿಂದೇನೇ ಕಳಿಸಿದಾಳೆ. ಲಿಂಕ್ ತಪ್ಪಿ ಬೇರೆ ಫೈಲಿಂದು ಬಂದಿತ್ತು. ಅದು ನನಗೆ ಗೊತ್ತಾಯ್ತು. ನಾನು ಹೇಳಲಿಲ್ಲ."

"ಯಾಕೆ ಹೇಳಲಿಲ್ಲ?"

ಗುಮ್ಮ ಮೇಜನ್ನೇ ನೋಡುತ್ತಿದ್ದರು. ಈಗ ಯಾವುದಾದರೂ ನೆಪ ಹೇಳಿ ದಾಟಿಕೊಳ್ಳುತ್ತಾರೆ ಎಂದುಕೊಂಡೆ. ಅವರಿಗೆ ಅದು ಕಷ್ಟವೇನಲ್ಲ.

"ಹೇಳಿದ್ರೆ ಆ ಫೈಲು ನನ್ನ ಕೈತಪ್ಪಿ ಹೋಗ್ತಿತ್ತು ಮೇಡಂ. ಬೆಳಿಗ್ಗೆ ನಾಲ್ಕು ಜನ ಹುಡುಗರು ಅಲ್ಲಿ ಒಟ್ಟಿಗೆ ಕೂತು ಬರೀತಾರೆ. ನಾನೂ ಹೋಗಿ ಕೂರ್ತಿದ್ದೆ."

"ಕೂತು?"

"ಬರೆಯೋಕೆ ನೋಡ್ತಿದ್ದೆ."

"ನಿಮ್ಮ ಪುಸ್ತಕ ಮುಗೀತಾ ಬಂದಿದೆ ಅಂತ ಹೋದ ವರ್ಷ ಹೇಳಿದ್ರಲ್ಲ?"

"ಒಂದು ಪುಟಾನೂ ಆಗಿಲ್ಲ" ಎಂದರು ಗುಮ್ಮ. "ಇವಳು ಆ ಎರಡು ತಿಂಗಳೂ ದಿನಾ ಬಂದು ಕೂತಿದಾಳೆ. ಒದ್ದಾಡಿದಾಳೆ, ಬರೆದಿದಾಳೆ. ಅದನ್ನ ನಾನು ಕಣ್ಣಾರೆ ನೋಡಿದೀನಿ. ನಿನ್ನೆ ಮೊದಲ ಎರಡು ಅಧ್ಯಾಯ ಇನ್ನೊಂದ್ಸಲ ಓದಿದೆ. ಮೂರನೇದು ಮೊನ್ನೆಯಷ್ಟೇ ಕೈಗೆ ಬಂತು, ಇನ್ನೂ ಓದಿಲ್ಲ. ಕೆಲಸ ಮುಂದೆ ಹೋಗಿದೆ ಅಂತ ಬರ್ಕೊಳ್ಳಿ. ತಪ್ಪು ನಂದು ಅಂತಾನೂ ಬರ್ಕೊಳ್ಳಿ."

ಸಹಿಯವರು ಚಹಾದ ಲೋಟದೊಳಗೆ ಏನನ್ನೋ ಹುಡುಕತೊಡಗಿದರು. ಅಧ್ಯಕ್ಷೆ ನನಗೆ ಹೊರಗೆ ಕಾಯಲು ಹೇಳಿದರು. ಕಾರಿಡಾರಿನ ಬೆಂಚಿನಲ್ಲಿ ಕೂರದೆ ಅದರ ಸುತ್ತ ತಿರುಗಿದೆ. ಕೊನೆಗೆ ಕಚೇರಿಯ ಗುಮಾಸ್ತರು ಹೊರಬಂದು, "ಒಂದು ವರ್ಷ ಸಿಕ್ತು ನೋಡಮ್ಮ, ಇನ್ನಾದ್ರೂ ಮುಗಿಸು" ಎಂದರು. ಅವರ ಕೈ ಹಿಡಿದು ಕುಲುಕಿಬಿಟ್ಟೆ.

ಗುಮ್ಮ ತಮ್ಮ ಕೋಣೆಗೆ ಕರೆದರು. ಪುಸ್ತಕದ ರಾಶಿ ತೆಗೆದು ನನಗೆ ಕುರ್ಚಿ ಬಿಡಿಸಿಕೊಟ್ಟರು. ಐದು ವರ್ಷದಲ್ಲಿ ನಾನು ಆ ಕುರ್ಚಿಯನ್ನು ಖಾಲಿ ನೋಡಿದ್ದೇ ಇಲ್ಲ.

"ನಿನ್ನ ಎರಡು ತಿಂಗಳು ಹಾಳು ಮಾಡಿದೆ. ಅದಕ್ಕೆ ನಾನು ಏನು ಹೇಳಿದ್ರೂ ಸಾಲದು."

"ಸರ್, ನಾನು ಬರೆದಿದ್ದು..."

"ಬಡ್ಡಿ ತಿನ್ನೋ ವಿಷಯಾನಾ? ಒಳ್ಳೇ ವಾಕ್ಯ ಅದು. ಅಧ್ಯಾಯದಲ್ಲೂ ಹಾಗೇ ನೆಟ್ಟಗೆ ಬರೆದ್ರೆ ಚೆನ್ನಾಗಿರುತ್ತೆ." ನಗಲು ನೋಡಿದರು, ಆಗಲಿಲ್ಲ. "ಇವತ್ತು ಬೆಳಿಗ್ಗೆನೂ ನಿಮ್ಮ ಫೈಲಿಗೆ ಹೋದೆ. ಒಳಗೆ ಬಿಡಲಿಲ್ಲ."

ನಾನು ಚೀಲದ ಜಿಪ್ಪನ್ನು ತೆರೆದೆ, ಮುಚ್ಚಿದೆ.

"ಯಾವುದೋ ಒಂದು ಮೂಲೆ ಸಾಕಮ್ಮ. ನಿಮ್ಮದೇನೂ ಓದಲ್ಲ. ನೀವು ಬರೀತಾ ಇರೋದು ಗೊತ್ತಾದ್ರೆ ಅಷ್ಟೇ ಸಾಕು."

ಆಗಲಿ ಸರ್ ಎಂದುಬಿಡಬೇಕೆನಿಸಿತು. ಈಗಷ್ಟೇ ನನಗಾಗಿ ಸಮಿತಿಯ ಎದುರು ತಲೆ ತಗ್ಗಿಸಿದ ಮನುಷ್ಯ. ಆದರೆ ದೊಡ್ಡಕ್ಕನ ಮುಖ ಕಣ್ಣ ಮುಂದೆ ಬಂತು. ಅವಳಿಗೆ ಅಳಲು ಇರುವುದು ಅದೊಂದೇ ಜಾಗ, ಮನೆಯಲ್ಲೂ ಇಲ್ಲ.

"ಬೇಡ ಸರ್" ಎಂದೆ. "ಅದು ನಮ್ಮ ಜಾಗ. ನೀವು ಇದ್ರೆ ನಿಮ್ಮನ್ನ ಬೈಯಕ್ಕಾಗಲ್ಲ."

ಅವರು ತಲೆ ಆಡಿಸಿದರು. ಎಷ್ಟೋ ಹೊತ್ತು ಆಡಿಸುತ್ತಲೇ ಇದ್ದರು. ನನಗೆ ಕೂತಲ್ಲಿ ಚಡಪಡಿಕೆ ಶುರುವಾಯಿತು.

"ನೀವೇ ಒಂದು ಗುಂಪು ಮಾಡ್ಕೊಳ್ಳಿ ಸರ್. ನಿಮ್ಮ ಜೊತೆಯವರು ಎಷ್ಟು ಜನ ಇದ್ದಾರೆ."

"ನಿಮಗೇನಮ್ಮ? ಬರೆಯಕ್ಕಾಗ್ತಿಲ್ಲ ಅಂದ್ರೆ ಪಾಪ, ಇನ್ನೂ ಕಲೀತಾ ಇದಾರೆ ಅಂತಾರೆ. ನಾವು ಅಂದ್ರೆ ಏನಂತಾರೆ?"

ಬರೆಯಲಾಗದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಅವರ ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡೆ. ಹೊಸ ಫೈಲು, ಹೆಸರಿಗೊಂದು ಪಟ್ಟಿ, ಬೆಳಗಿನ ಅಲಾರಾಂ. ಗೋಳು ಮೂಲೆಗೂ ಜಾಗ ಬಿಟ್ಟೆ, ವಿದ್ಯಾರ್ಥಿಗಳನ್ನು ಬೈಯಲು. ಕರೆದವರಿಗೆ ಮಾತ್ರ ತೆರೆಯುವಂತೆ ಈ ಸಲ ಎರಡೆರಡು ಬಾರಿ ನೋಡಿಕೊಂಡೆ. "ಲಿಂಕ್ ನಿಮ್ಮ ಫೋನಿಗೆ ಬಂದಿದೆ ಸರ್. ಯಾರಿಗೆ ಬೇಕೋ ಕಳಿಸಿ."

ಅವರು ಫೋನಿನಲ್ಲಿ ಹೆಸರುಗಳನ್ನು ಸರಿಸುತ್ತ ಹೋದರು. ಪ್ರೊಫೆಸರು, ಪ್ರೊಫೆಸರು, ಡೀನ್, ನಿವೃತ್ತ ಪ್ರೊಫೆಸರು. ಹೆಬ್ಬೆರಳು ಪಟ್ಟಿಯ ತಳ ಮುಟ್ಟಿ ಮತ್ತೆ ಮೇಲಕ್ಕೆ ಬಂತು. ಎಲ್ಲಿಯೂ ನಿಲ್ಲಲಿಲ್ಲ. ಇಷ್ಟು ಜನರ ಪರಿಚಯವಿದ್ದೂ ಕಳಿಸಲು ಒಬ್ಬರೂ ಇಲ್ಲ.

"ಮೇಡಂಗೆ ಕಳಿಸಿ ಸರ್. ಅವರ ಮುಂದೆ ಹೇಗೂ ಹೇಳಿಬಿಟ್ಟಿದ್ದೀರಲ್ಲ."

"ಆ ಕನ್ನಡಕಕ್ಕಾ?" ಎಂದು ಬೆಚ್ಚಿಬಿದ್ದರು. ಆಮೇಲೆ ಬರೆದರು, ಅಳಿಸಿದರು, ಬರೆದರು, ಕಣ್ಣು ಮುಚ್ಚಿಕೊಂಡು ಕಳಿಸಿದರು. ಎರಡು ಗೆರೆ ನೀಲಿಯಾಯಿತು. ಮೇಡಂ ಏನೋ ಟೈಪ್ ಮಾಡುತ್ತಿರುವುದು ಕಂಡಿತು, ನಿಂತಿತು. ಮತ್ತೆ ಕಂಡಿತು, ಮತ್ತೆ ನಿಂತಿತು.

ಗುಮ್ಮ ಎದ್ದು ಕಿಟಕಿಗೆ ಹೋದರು. ಬಂದು ಕೂತರು. ಕನ್ನಡಕ ಒರೆಸಿದರು, ಫೋನನ್ನು ಮಗುಚಿ ಇಟ್ಟರು, ಎತ್ತಿ ನೋಡಿದರು, ಮತ್ತೆ ಮಗುಚಿದರು. ಒಬ್ಬರ ಉತ್ತರಕ್ಕೆ ಕಾಯುವುದೆಂದರೇನು ಎಂದು ಇವರಿಗೆ ಈಗ ತಿಳಿಯಲಿ ಎಂದು ಒಂದು ಕ್ಷಣ ಖುಷಿಯಾಯಿತು. ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಹೊರಡೋಣವೆಂದು ಚೀಲ ಎತ್ತಿಕೊಂಡೆ.

"ಸ್ವಲ್ಪ ಇರಮ್ಮ" ಎಂದರು. "ಒಬ್ನೇ ಕೂತ್ಕೊಂಡು ಇದನ್ನ ನೋಡೋಕಾಗಲ್ಲ. ನಿನ್ನ ಅಧ್ಯಾಯ ತೆಗಿ. ಅಷ್ಟರಲ್ಲಿ ಓದೋಣ."

ಲ್ಯಾಪ್‌ಟಾಪಿನಲ್ಲಿ ಮೂರನೇ ಅಧ್ಯಾಯ ತೆರೆದು ಅವರ ಕಡೆ ತಿರುಗಿಸಿದೆ. ಮೊದಲ ಪುಟವನ್ನು ಫೋನಿನ ಮೇಲೆ ಒಂದು ಕಣ್ಣಿಟ್ಟೇ ಓದಿದರು. ಎರಡನೇ ಪುಟದಲ್ಲಿ ಮುಂದಕ್ಕೆ ಬಾಗಿದರು. ಮೂರನೆಯದರಲ್ಲಿ ಪೆನ್ಸಿಲ್ ಹುಡುಕಿ, ಹಾಳೆಯೊಂದರ ಮೇಲೆ ಏನೋ ಗುರುತು ಹಾಕಿಕೊಂಡು, "ಈ ನಲ್ಲಿ ಹತ್ರ ಹೆಂಗಸರು ಮಾತ್ರ ನಿಲ್ತಿದ್ರಾ? ಯಾಕೆ? ಅದನ್ನ ಹೇಳೇ ಇಲ್ವಲ್ಲ ನೀನು" ಎಂದರು. ನಾನು ಹೇಳಿದೆ. "ಅದನ್ನೇ ಬರಿ ಮತ್ತೆ!" ಎಂದು ಗದರಿ ಮುಂದೆ ಓದಿದರು.

ಮಗುಚಿಟ್ಟ ಫೋನು ಮೇಜಿನ ಮೇಲೆ ಗುಂಯ್ ಎಂದಿತು.

"ಸರ್, ಮೇಡಂ ಉತ್ತರ ಬಂತು ಅನ್ಸುತ್ತೆ."

"ಹೂಂ" ಎಂದರು ಪರದೆಯಿಂದ ಕಣ್ಣು ಕೀಳದೆ. "ತಡಿ. ಈ ಪುಟ ಮುಗೀಲಿ."